ಬೆಟ್ಟದ ರೌಡಿ ಶೀಟ್

ಪೊಲೀಸ್ ಠಾಣೆಯಲ್ಲಿ ರೌಡಿ ಶೀಟ್ ಅಂತ ಒಂದಿರುತ್ತೆ, ಗೊತ್ತಲ್ಲ? ಹಿಂದೆ ಏನೇನು ಮಾಡಿದ್ದಾನೆ, ಎಷ್ಟು ವರ್ಷಕ್ಕೊಮ್ಮೆ ಬಾಲ ಬಿಚ್ಚುತ್ತಾನೆ, ಎಲ್ಲಾ ಅದರಲ್ಲಿರುತ್ತೆ. ಜ್ವಾಲಾಮುಖಿಗೂ ಅಂಥದ್ದೊಂದು ಶೀಟ್ ಇದೆ. ವ್ಯತ್ಯಾಸ ಇಷ್ಟೇ, ಅದನ್ನ ಬೆಟ್ಟ ತಾನೇ ಬರೆದಿಡುತ್ತೆ.

ಹೇಗೆ ಅಂತೀರಾ? ಸ್ಫೋಟವಾದಾಗ ಬೂದಿ ಬಿದ್ದು ಪದರ ಆಗುತ್ತೆ. ಲಾವಾ ಹರಿದು ಕಲ್ಲಾಗುತ್ತೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಎರಡು ಬೂದಿ ಪದರಗಳ ನಡುವೆ ಮಣ್ಣು ಕೂತಿದ್ದರೆ, ಅಷ್ಟು ಕಾಲ ಬೆಟ್ಟ ಸುಮ್ಮನಿತ್ತು ಅಂತ ಅರ್ಥ. ಸುಟ್ಟ ಮರದ ಇದ್ದಿಲು ಸಿಕ್ಕರೆ ಕಾರ್ಬನ್ ಡೇಟಿಂಗ್ ಮಾಡಿ ಕಾಲ ಹೇಳಬಹುದು. ಹತ್ತಾರು ಕಡೆ ಪದರದ ದಪ್ಪ ಅಳೆದರೆ ಸ್ಫೋಟ ಎಷ್ಟು ದೊಡ್ಡದು, ಬೂದಿ ಯಾವ ದಿಕ್ಕಿಗೆ ಹೋಯ್ತು ಅನ್ನೋದೂ ಸಿಗುತ್ತೆ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದರಲ್ಲಿ ಪವಾಡ ಇಲ್ಲ. ಅಳತೆ, ಲೆಕ್ಕ, ತಾಳ್ಮೆ, ಅಷ್ಟೇ.

ಹಾಗಾದರೆ ಸಮಸ್ಯೆ ಎಲ್ಲಿ? ಶೀಟ್ ಓದಿದ ಮೇಲೆ ಏನು ಮಾಡ್ತೀವಿ ಅನ್ನೋದರಲ್ಲಿ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ನೋಡಿ. 1845ರಲ್ಲಿ ಆ ಪರ್ವತದಿಂದ ಕೆಸರಿನ ಪ್ರವಾಹ ಇಳಿದು ಬಂದು ಸುಮಾರು ಸಾವಿರ ಜನ ಸತ್ತರು. ಆ ಕೆಸರು ಒಣಗಿ ಗಟ್ಟಿಯಾದ ನೆಲದ ಮೇಲೆಯೇ ಅರ್ಮೆರೊ ಅನ್ನೋ ಊರು ಬೆಳೆಯಿತು. ಅಂದರೆ ಶೀಟ್ ಆ ಊರಿನ ಕಾಲಡಿಯಲ್ಲೇ ಇತ್ತು! 1985ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಹಳೆಯ ಪದರಗಳನ್ನ ನೋಡಿ ಅಪಾಯದ ನಕ್ಷೆ ಸಿದ್ಧಪಡಿಸಿದರು. ಅರ್ಮೆರೊ ಅದರಲ್ಲಿತ್ತು. ನವೆಂಬರ್ 13ರ ಸಂಜೆ ಊರಿನ ಮೇಲೆ ಬೂದಿ ಬೀಳುತ್ತಿತ್ತು. ಜನರಿಗೆ ಸಿಕ್ಕ ಸಂದೇಶ ಏನು? ಗಾಬರಿ ಬೇಡ, ಮನೆಯೊಳಗೇ ಇರಿ. ರಾತ್ರಿ ಒಂಬತ್ತರ ಸುಮಾರಿಗೆ ಸ್ಫೋಟ. ತುದಿಯ ಹಿಮ ಕರಗಿ ಕೆಸರಾಗಿ ಹರಿದು ಊರು ಮುಟ್ಟೋಕೆ ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ನಡೆದುಕೊಂಡೇ ಎತ್ತರದ ಜಾಗ ಸೇರಬಹುದಿತ್ತು. ಒಟ್ಟು ಸತ್ತವರು ಸುಮಾರು 23,000.

ಈಗ ಆರು ವರ್ಷ ಮುಂದೆ ಬನ್ನಿ. 1991, ಫಿಲಿಪ್ಪೀನ್ಸ್‌ನ ಪಿನಾಟುಬೊ. ದಟ್ಟ ಕಾಡು ಹೊದ್ದು ಮಲಗಿದ್ದ ಬೆಟ್ಟ, ಸುಮಾರು 500 ವರ್ಷದಿಂದ ಸದ್ದಿಲ್ಲ. ಏಪ್ರಿಲ್‌ನಲ್ಲಿ ಹಬೆ ಉಗುಳಿತು. ಫಿಲಿಪ್ಪೀನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಸುತ್ತಲಿನ ಪದರಗಳನ್ನ ಓದಿದರು. ಶೀಟ್ ಹೇಳಿದ್ದಿಷ್ಟು: ಇದು ಅಪರೂಪಕ್ಕೆ ಏಳುತ್ತೆ, ಎದ್ದರೆ ದೊಡ್ಡದಾಗೇ ಏಳುತ್ತೆ. ನಂಬದವರಿಗೆ ಮಾರಿಸ್ ಕ್ರಾಫ್ಟ್ ಅವರ ಜ್ವಾಲಾಮುಖಿ ವಿಡಿಯೋ ತೋರಿಸಿದರು. ಹಳ್ಳಿಗಳು ಖಾಲಿಯಾದವು. ಜೂನ್ 10ರಂದು ಅಮೆರಿಕದ ಕ್ಲಾರ್ಕ್ ವಾಯುನೆಲೆಯಿಂದ ಸುಮಾರು 14,500 ಜನ ಹೊರಟರು. ಐದೇ ದಿನಕ್ಕೆ, ಜೂನ್ 15ಕ್ಕೆ, ಇಪ್ಪತ್ತನೇ ಶತಮಾನದ ಎರಡನೇ ಅತಿದೊಡ್ಡ ಸ್ಫೋಟ! ಅದೇ ದಿನ ಚಂಡಮಾರುತವೂ ಬಂತು. ಮಳೆಯಲ್ಲಿ ನೆಂದ ಬೂದಿಯ ಭಾರಕ್ಕೆ ಚಾವಣಿ ಕುಸಿದು ನೂರಾರು ಜನ ಸತ್ತರು, ನಿಜ. ಆದರೆ ಕನಿಷ್ಠ 5,000 ಜೀವ ಉಳಿಯಿತು ಅನ್ನೋದು ವಿಜ್ಞಾನಿಗಳ ಅಂದಾಜು.

ಎರಡೂ ಕಡೆ ಶೀಟ್ ಇತ್ತು, ಓದಿದವರೂ ಇದ್ದರು. ಹಾಗಾದರೆ ಕೊರತೆ ಯಾವುದು? ನಿರ್ಧಾರ. ಜನರನ್ನ ಎಬ್ಬಿಸಿ ಕಳಿಸಿ, ಆಮೇಲೆ ಏನೂ ಆಗದಿದ್ದರೆ? ಬೈಗುಳ ಯಾರು ತಿನ್ನೋದು, ಖರ್ಚು ಯಾರು ಕೊಡೋದು? ಕುರ್ಚಿಯಲ್ಲಿ ಕೂತವರನ್ನ ಕಾಡೋದು ಇದೇ ಪ್ರಶ್ನೆ. ಪಿನಾಟುಬೊದಲ್ಲಿ ಆ ಬೈಗುಳಕ್ಕೆ ತಲೆಯೊಡ್ಡೋಕೆ ಕೆಲವರು ತಯಾರಿದ್ದರು.

ಸುಳ್ಳು ಎಚ್ಚರಿಕೆಯಾದರೆ ಜನ ನಾಳೆ ಬೈದುಕೊಂಡು ಮನೆಗೆ ವಾಪಸ್ ಬರ್ತಾರೆ. ಬರಲಿ ಸ್ವಾಮಿ. ಬೈಯೋಕೆ ಅವರು ಬದುಕಿರ್ತಾರಲ್ಲ!