ಕಲ್ಲು ಓದುವವರು ಯಾರು?

(ಚಾಮರಾಜಪೇಟೆಯಲ್ಲಿ ನಡೆದ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಪೂರ್ಣಪಾಠ)



ನಾನು ವಿದ್ವಾಂಸನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಮದುವೆ ಕಾಗದ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ನಿಮ್ಮ ಪೋಸ್ಟರುಗಳನ್ನೂ ನಾನೇ ಅಚ್ಚು ಹಾಕಿದ್ದೇನೆ. ಕೆಲವದರ ಬಾಕಿ ಇನ್ನೂ ಬರಬೇಕು, ಇರಲಿ!

ವಿಶ್ವವಿದ್ಯಾಲಯದಲ್ಲಿ ನಮ್ಮ ಸಮಾಜ, ಸಂಸ್ಕೃತಿ, ಇತಿಹಾಸ ಓದುವುದು ಯಾಕೆ? ಇದು ಇವತ್ತಿನ ವಿಷಯ. ವಿಶ್ವವಿದ್ಯಾಲಯದ ಮೆಟ್ಟಿಲೇ ಹತ್ತದವನನ್ನು ಇದಕ್ಕೆ ಕರೆದಿದ್ದೀರಿ. ಬಂದಿದ್ದೇನೆ. ಯಾಕೆಂದರೆ ಆ ಓದು ಇಲ್ಲದಿದ್ದರೆ ಎಂಥ ತಪ್ಪಾಗುತ್ತದೆ ಎಂಬುದನ್ನು ನನ್ನ ಸ್ವಂತ ಖರ್ಚಿನಲ್ಲಿ ಕಲಿತವನು ನಾನು.

ಎರಡು ಅಕ್ಷರದ ಕಥೆ

2005ರ ಮಾತು. ನಿವೃತ್ತ ಮೇಷ್ಟ್ರೊಬ್ಬರು ಪ್ರೆಸ್ಸಿಗೆ ಬಂದರು. ಕೈಯಲ್ಲಿ ಒಂದು ಕಟ್ಟು ಹಸ್ತಪ್ರತಿ. ತಮ್ಮ ತಾಲ್ಲೂಕಿನ ಶಾಸನಗಳನ್ನು ಊರೂರು ಅಲೆದು ಓದಿ ಬರೆದುಕೊಂಡಿದ್ದರು. ಪಿಂಚಣಿ ದುಡ್ಡಿನಲ್ಲಿ 500 ಪ್ರತಿ ಅಚ್ಚು ಮಾಡಿಸಬೇಕಿತ್ತು.

ಡಿಟಿಪಿ ಹುಡುಗ ಎರಡು ಅಕ್ಷರ ತೋರಿಸಿ, 'ಅಣ್ಣಾ, ಇದೇನು?' ಅಂದ. ಒಂದು ಱ, ಇನ್ನೊಂದು ೞ. ಹಳಗನ್ನಡದಲ್ಲಿದ್ದು ಆಮೇಲೆ ಬಳಕೆಯಿಂದ ಬಿದ್ದುಹೋದ ಅಕ್ಷರಗಳು. ಕೀಬೋರ್ಡಿನಲ್ಲಿ ಅವು ಎಲ್ಲಿವೆ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. 'ಈಗ ಯಾರೋ ಇದನ್ನು ಬರೀತಾರೆ? ರ ಹಾಕು, ಳ ಹಾಕು' ಅಂದೆ. ಹಾಕಿದ. ಕರಡು ತಿದ್ದುವ ಹೊತ್ತಿಗೆ ಮೇಷ್ಟ್ರಿಗೆ ಕಣ್ಣಿನ ಆಪರೇಷನ್. ಕೊನೆಯ ಎರಡು ಫಾರಂ ನಾನೇ ನೋಡಿ ಮೆಷಿನ್ನಿಗೆ ಬಿಟ್ಟೆ.

ಪುಸ್ತಕ ಬೈಂಡಿಂಗಿಗೆ ಹೋಗುವ ಮೊದಲು ಮೇಷ್ಟ್ರು ಬಂದರು. ಅಚ್ಚಾದ ಹಾಳೆ ತಿರುವಿದರು. ಸುಮ್ಮನೆ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಒಂದು ಹಾಳೆಯ ಹಿಂದೆ ಪೆನ್ನಿನಲ್ಲಿ ನಾಲ್ಕು ಪದ ಬರೆದರು.

ಬಾಳ್ ಅಂದರೆ ಕತ್ತಿ. ಬಾೞ್ ಅಂದರೆ ಬದುಕು.

ಅರಿ ಅಂದರೆ ಕತ್ತರಿಸು. ಅಱಿ ಅಂದರೆ ತಿಳಿ.

'ನೋಡಪ್ಪಾ, ಬದುಕು ಇದ್ದ ಕಡೆ ಕತ್ತಿ ಇಟ್ಟಿದ್ದೀಯ. ತಿಳಿದುಕೋ ಅಂದ ಕಡೆ ಕತ್ತರಿಸು ಅಂದಿದ್ದೀಯ' ಅಂದರು.

ಗೆಳೆಯರೇ, ಆ ಎರಡು ಫಾರಂ, ಅಂದರೆ 32 ಪುಟ, ನನ್ನ ದುಡ್ಡಿನಲ್ಲಿ ಮತ್ತೆ ಅಚ್ಚಾಯಿತು. ಹಾಳಾದ ಕಾಗದ ರದ್ದಿಗೆ ಹೋಯಿತು. ಹಾಳೆಯ ಹಿಂದೆ ಬರೆದ ಆ ನಾಲ್ಕು ಪದ ಇವತ್ತೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ.

ಆಮೇಲೆ ಮೇಷ್ಟ್ರು ಹಲ್ಮಿಡಿ ಶಾಸನದ ವಿಷಯ ಹೇಳಿದರು. ಸುಮಾರು ಕ್ರಿ.ಶ. 450ರದ್ದು. ಅದು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಮಾತಿದೆ, ಬಾಳ್ಗೞ್ಚು. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಯುದ್ಧದಲ್ಲಿ ಗೆದ್ದ ವೀರನ ಕತ್ತಿಯ ರಕ್ತ ತೊಳೆದು ಕೊಡುವ ದತ್ತಿ! ಒಂದೇ ಪದದಲ್ಲಿ ಎರಡೂ ಅಕ್ಷರ. ನನ್ನಂಥವನ ಕೈಗೆ ಕೊಟ್ಟಿದ್ದರೆ ಎರಡನ್ನೂ ಒಂದೇ ಮಾಡಿಬಿಡುತ್ತಿದ್ದೆ. 13ನೇ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟ. ಜನ ಆಗಲೇ ಮರೆಯುತ್ತಿದ್ದರು, ಅದಕ್ಕೇ.

ಕಟ್ಟಿದವರು ಯಾರು?

ಈ ಓದು ತಾನಾಗಿ ಬರುವುದಲ್ಲ. ಯಾರೋ ಕೂತು ಕಲಿಯಬೇಕು, ಕಲಿಸಬೇಕು.

ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಎಂಬ ಇಂಗ್ಲಿಷಿನವರು ಮೈಸೂರು ಸೀಮೆಯ ಸುಮಾರು ಒಂಬತ್ತು ಸಾವಿರ ಶಾಸನ ಕಲೆಹಾಕಿದರು. 1886ರಿಂದ ಎರಡು ದಶಕ ಕಾಲ 12 ಸಂಪುಟ ಎಪಿಗ್ರಾಫಿಯಾ ಕರ್ನಾಟಿಕಾ ತಂದರು. ನಮ್ಮ ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರದ್ದು. ಜರ್ಮನಿಯ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಒಂದೊಂದು ಮೊಳೆಯನ್ನೂ ಕೈಯಲ್ಲಿ ಜೋಡಿಸಿದ ಕಾಲ ಅದು! ಪ್ರೆಸ್ಸಿನವನಾಗಿ ಹೇಳುತ್ತೇನೆ, ಆ ಕಂಪಾಸಿಟರುಗಳಿಗೂ ಒಂದು ಕೈ ಮುಗಿಯಬೇಕು.

ನಮ್ಮವರೂ ಹಿಂದೆ ಬೀಳಲಿಲ್ಲ. ರೈಸ್ ನಂತರ ಆರ್. ನರಸಿಂಹಾಚಾರ್ ಬಂದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದಕ್ಕೆ ಹೋಗಿ ಕೂತರು. ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಜಗಳವನ್ನು ಯಾರು ಬಗೆಹರಿಸುತ್ತಾರೆ, ಎಲ್ಲ ಬರೆದುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸಿಕ್ಕಿದವು. ಧೃತಿಗೆಡಲಿಲ್ಲ. ನೆನಪಿನಿಂದಲೇ ಬರೆದರು. 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ನಮ್ಮ ಒಂದು ಹಳ್ಳಿಯ ಪಂಚಾಯ್ತಿ ಕಟ್ಟೆ ಜಗತ್ತಿನ ತರಗತಿಗಳಲ್ಲಿ ಪಾಠವಾಯಿತು.

ಗೋಧಿ ಕೊಟ್ಟು ಪುಸ್ತಕ ಒಯ್ದರು

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಅಮೆರಿಕ 1954ರ ಪಿ.ಎಲ್. 480 ಎಂಬ ಕಾನೂನಿನಡಿ ನಮಗೆ ಗೋಧಿ ಕೊಟ್ಟಿತು. ಅದರ ಹಣವನ್ನು ರೂಪಾಯಿಯಲ್ಲೇ ಪಡೆಯಿತು. ಆ ರೂಪಾಯಿಯಲ್ಲಿ ಒಂದು ಪಾಲನ್ನು 1962ರಿಂದ ಪುಸ್ತಕಕ್ಕೆ ಹಾಕಿದರು. ದೆಹಲಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕಚೇರಿ ತೆರೆದು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಪುಸ್ತಕ ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ನಾವು ರೊಟ್ಟಿ ತಿಂದೆವು, ಅವರು ಪುಸ್ತಕ ಒಯ್ದರು!

ಪುಣ್ಯಕ್ಕೆ ಮಾಡಿದ್ದಲ್ಲ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅವರಿಗೆ ಭಯವಾಯಿತು. 1958ರಲ್ಲಿ ಕಾನೂನು ಮಾಡಿ ಹೊರದೇಶದ ಭಾಷೆ ಕಲಿಯಲು ದುಡ್ಡು ಸುರಿದರು. ಉದ್ದೇಶ ಅವರದು. ಆದರೆ ಬಾಗಿಲು ತೆರೆಯಿತು. ನಮ್ಮ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಕೂತು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಕೊಟ್ಟರು. ಶೆಲ್ಡನ್ ಪೊಲಾಕ್ ಮೈಸೂರಿಗೆ ಬಂದು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಹಳಗನ್ನಡ ಕಲಿತರು. 2006ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಕವಿರಾಜಮಾರ್ಗ ನಡುಮನೆಯಲ್ಲೇ ಕೂತಿದೆ. ಅದೇ ಪೊಲಾಕ್ 2011ರಲ್ಲಿ ಬರೆದ ಒಂದು ಲೇಖನದಲ್ಲಿ ಹಳಗನ್ನಡ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂದು ಚಿಂತೆಪಟ್ಟರು. 2018ರಲ್ಲಿ ಗಿಲ್ ಬೆನ್-ಹೆರುಟ್ ಎಂಬುವರು ಹರಿಹರನ ರಗಳೆಗಳ ಮೇಲೆ ಇಡೀ ಪುಸ್ತಕ ಬರೆದರು.

ಅವರು ಓದಿದರೆ ನಮಗೇಕೆ ಹೊಟ್ಟೆಕಿಚ್ಚು? ಓದಲಿ. ಅವರು ಹೇಳಿದ್ದೆಲ್ಲ ಒಪ್ಪಬೇಕೆಂದೂ ಇಲ್ಲ. ಆದರೆ ಒಪ್ಪುವುದಿಲ್ಲ ಅನ್ನಬೇಕಾದರೂ ಮೂಲ ಓದಲು ಬರಬೇಕಲ್ಲ? ಅಷ್ಟು ದೂರದವರು ಕನ್ನಡ ಕಲಿತು ಹರಿಹರನನ್ನು ಓದುತ್ತಾರೆ, ಹರಿಹರನ ನಾಡಿನ ನಾವು 'ಅದಕ್ಕೆ ಸ್ಕೋಪ್ ಇಲ್ಲ' ಅನ್ನುತ್ತೇವೆ. ಹಿತ್ತಲ ಗಿಡ ಮದ್ದಲ್ಲ!

ಕಲ್ಲು ಮುಖಸ್ತುತಿ ಮಾಡುವುದಿಲ್ಲ

ಈಗ ಸ್ವಲ್ಪ ಕಹಿ ಮಾತು. ಇತಿಹಾಸ ಓದುವುದು ಜೈಕಾರ ಹಾಕುವುದಕ್ಕಲ್ಲ. ಕಲ್ಲು ನಮಗೆ ಬೇಕಾದ್ದನ್ನಷ್ಟೇ ಹೇಳುವುದಿಲ್ಲ.

ಬೆಂದಕಾಳೂರಿನ ಕಥೆ ನಿಮಗೆಲ್ಲ ಗೊತ್ತು. ಹೊಯ್ಸಳ ಬಲ್ಲಾಳ ಬಂದ, ಮುದುಕಿ ಬೆಂದ ಕಾಳು ಕೊಟ್ಟಳು, ಊರಿಗೆ ಹೆಸರಾಯಿತು ಅಂತ. ಬೇಗೂರಿನ ಕಲ್ಲು ಬೇರೆ ಹೇಳುತ್ತದೆ. ಸುಮಾರು 890ರ ಆ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಎರಡನೇ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನು ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು. ಕಥೆ ಬಿದ್ದುಹೋಯಿತು, ಊರು ದೊಡ್ಡದಾಯಿತು. ಇದರಲ್ಲಿ ನಷ್ಟ ಯಾರಿಗೆ?

ಹೋದ ವರ್ಷ ಒಬ್ಬ ಹುಡುಗ ಪ್ರೆಸ್ಸಿಗೆ ಬಂದಿದ್ದ. 'ಸಾರ್, ದೊಮ್ಮಲೂರು ದೇವಸ್ಥಾನದಲ್ಲಿ ತಮಿಳು ಶಾಸನ ಇವೆಯಂತೆ. ಅದನ್ನು ಹೇಳಬಾರದು ಅಲ್ವಾ?' ಅಂದ. ಯಾಕಪ್ಪಾ ಹೇಳಬಾರದು? ಇವೆ. ಚೊಕ್ಕನಾಥಸ್ವಾಮಿ ಗುಡಿಯಲ್ಲಿವೆ. 120 ವರ್ಷದ ಹಿಂದೆಯೇ ಅಚ್ಚಾಗಿವೆ. ಮುಚ್ಚಿಟ್ಟರೆ ಕನ್ನಡ ಗೆಲ್ಲುವುದಿಲ್ಲ, ನಾವು ಓದದವರು ಎಂದು ಗೊತ್ತಾಗುತ್ತದೆ ಅಷ್ಟೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಕನ್ನಡ ಶಾಸನ ಮಧ್ಯಪ್ರದೇಶದ ಜೂರಾದಲ್ಲಿದೆ. ಅದರಿಂದ ಮಧ್ಯಪ್ರದೇಶ ನಮ್ಮದಾಯಿತೇ? ಶ್ರವಣಬೆಳಗೊಳಕ್ಕೆ ಹೋಗಿ ಗೊಮ್ಮಟನ ಕಾಲ ಬಳಿ ನೋಡಿ. ಚಾವುಂಡರಾಯ ಮಾಡಿಸಿದ ಎಂಬ ಮಾತು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲೂ ಇದೆ. ಬಂದ ಯಾತ್ರಿಕರೆಲ್ಲ ಓದಲಿ ಎಂದು. ಅಷ್ಟು ಧೈರ್ಯ ಅವರಿಗಿತ್ತು.

ಹೊಲದಂಚಿನ ಮಾಸ್ತಿಕಲ್ಲು ನೋಡಿ. ಗಂಡನ ಚಿತೆಯೇರಿದ ಹೆಣ್ಣಿನ ಮೇಲೆತ್ತಿದ ಕೈ, ಕೈತುಂಬ ಬಳೆ. ಅದೂ ನಮ್ಮ ಇತಿಹಾಸವೇ. ಅದನ್ನೂ ಓದಬೇಕು, ತಲೆ ತಗ್ಗಿಸಿ ಓದಬೇಕು.

ಹೊಟ್ಟೆಪಾಡಿನ ಪ್ರಶ್ನೆ

'ಭಾಷಣ ಚೆನ್ನಾಗಿದೆ, ಹೊಟ್ಟೆಗೇನು?' ಅಂತ ಕೇಳುತ್ತೀರಿ. ನಾನೂ ಕೇಳಿದವನೇ. ನನ್ನ ಮಗಳು ಪಿಯುಸಿ ಮುಗಿಸಿ, 'ಅಪ್ಪಾ, ನಾನು ಬಿಎ ಇತಿಹಾಸ ಓದ್ತೀನಿ' ಅಂದಳು. ನಾನು 'ಬಿಕಾಂ ಮಾಡು, ಪ್ರೆಸ್ಸಿನ ಲೆಕ್ಕಕ್ಕಾದರೂ ಆಗುತ್ತೆ' ಅಂದೆ. ಅವಳು ಜಗಳ ಆಡಲಿಲ್ಲ. ಟೇಬಲ್ಲಿನ ಗಾಜು ಎತ್ತಿ ಮೇಷ್ಟ್ರು ಬರೆದ ಹಾಳೆ ತೆಗೆದಳು. 'ಮತ್ತೆ ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ?' ಅಂದಳು. ನನ್ನ ಬಾಯಿ ಕಟ್ಟಿತು. ಅವಳೀಗ ಬಿಎ ಎರಡನೇ ವರ್ಷ.

ಭಯ ಇಲ್ಲ ಅಂದರೆ ಸುಳ್ಳಾಗುತ್ತದೆ. ಕೆಲಸ ಕಡಿಮೆ ಇವೆ. ಆದರೆ ದಾರಿಯೇ ಇಲ್ಲ ಅನ್ನುವುದೂ ಸುಳ್ಳು. ನೆಟ್, ಕೆ-ಸೆಟ್ ಪರೀಕ್ಷೆ ಗೆದ್ದರೆ ಅಧ್ಯಾಪಕ ಹುದ್ದೆಗೆ ಅರ್ಹತೆ. ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ತಿಂಗಳ ಹಣ. ಐಎಎಸ್ ಪರೀಕ್ಷೆಯಲ್ಲಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಸಾಹಿತ್ಯ ಮೂರೂ ಐಚ್ಛಿಕ ವಿಷಯಗಳು. ಪುರಾತತ್ವ ಇಲಾಖೆ, ಪತ್ರಾಗಾರ, ವಸ್ತುಸಂಗ್ರಹಾಲಯ, ಅನುವಾದ, ಪ್ರಕಾಶನ ಇವೆ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ. ಮೈಸೂರು, ಧಾರವಾಡ, ಬೆಂಗಳೂರಿನಲ್ಲಿ ವಿಭಾಗಗಳಿವೆ. 2008ರಲ್ಲಿ ಶಾಸ್ತ್ರೀಯ ಸ್ಥಾನ ಬಂದಾಗ ಪಟಾಕಿ ಹೊಡೆದೆವು. ಪಟಾಕಿ ಹೊಡೆದವರ ಮನೆಯಿಂದ ಹಳಗನ್ನಡ ಓದಲು ಎಷ್ಟು ಮಕ್ಕಳು ಹೋದರು? ನನ್ನನ್ನೂ ಸೇರಿಸಿ ಕೇಳುತ್ತಿದ್ದೇನೆ.

ಎಲ್ಲರೂ ಬಿಎ ಸೇರಿ ಅನ್ನುತ್ತಿಲ್ಲ. ಕಂಪ್ಯೂಟರ್ ಓದುವವರು ಓದಿ, ಅದೂ ಬೇಕು. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಅಲ್ಲಿ ಯಂತ್ರ ಗೊತ್ತಿರುವವನೂ ಬೇಕು, ಅಕ್ಷರ ಗೊತ್ತಿರುವವನೂ ಬೇಕು. ಆದರೆ ಮನೆಗೊಬ್ಬರು ಬೇಡ, ಬೀದಿಗೊಬ್ಬರಾದರೂ ಈ ಓದಿಗೆ ಹೋಗಿ. ಹೊರಟವರನ್ನು ಮನೆಯವರು ತಡೆಯಬೇಡಿ.

ಕೊನೆಯ ಮಾತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಸುಮಾರು 750ರದ್ದು. ಗಂಗರ ಶ್ರೀಪುರುಷನ ಕಾಲದಲ್ಲಿ ಕಾದಾಡಿ ಸತ್ತ ಕಿತ್ತಯ್ಯನ ವೀರಗಲ್ಲು. ಹೆಬ್ಬಾಳಕ್ಕೆ ಆಗ ಪೆರ್ಬೊಳಲ್ ಎಂದು ಹೆಸರು. ಅದು ಬರಹ ಎಂದು ಗುರುತಿಸುವ ಕಣ್ಣು ಅಲ್ಲಿತ್ತು, ಕಲ್ಲು ಉಳಿಯಿತು. ಅಂಥ ಕಣ್ಣು ಇರದಿದ್ದರೆ ಅದು ಚರಂಡಿಯ ಚಪ್ಪಡಿ. ಬೆಂಗಳೂರಿನಲ್ಲಿ ದಿನಾ ಒಂದಲ್ಲ ಒಂದು ಕಡೆ ಅಗೆಯುತ್ತಾರೆ. ಮುಂದಿನ ಕಲ್ಲು ಮೇಲೆ ಬಂದಾಗ ಅಲ್ಲಿ ನಿಂತು ಓದುವವರು ಯಾರು?

ಬೋರ್ಡಿನಲ್ಲಿ ಕನ್ನಡ ಇರಲಿ. ಅದನ್ನು ನಾನೇ ಅಚ್ಚು ಹಾಕಿಕೊಡುತ್ತೇನೆ. ಆದರೆ ಕತ್ತಿ ಯಾವುದು, ಬದುಕು ಯಾವುದು ಎಂದು ಓದಿ ಹೇಳುವವರು ನೀವಾಗಬೇಕು. ನಾನು ಒಮ್ಮೆ ತಪ್ಪಿದೆ. ನೀವು ತಪ್ಪಬೇಡಿ.