ಹಳೆಯ ಮನೆಬಂಡಿಯ ಎಣ್ಣೆಯ ದಾರಿ

ಮನೆಯನ್ನೇ ಬಂಡಿಯ ಮೇಲೇರಿಸಿಕೊಂಡು ಸಂಚರಿಸಬೇಕೆಂಬ ಆಸೆ ನಮ್ಮಲ್ಲಿ ಹೊಸದಲ್ಲ. ಕಮಾನು ಕಟ್ಟಿದ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹರವಿ, ಬುತ್ತಿಯ ಗಂಟಿನೊಡನೆ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಡುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಇಂದು ಎತ್ತಿನ ಸ್ಥಾನಕ್ಕೆ ಯಂತ್ರವು ಬಂದಿದೆ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿದ ಮೋಟಾರು ವಾಹನವನ್ನು ನಾವು ಇಲ್ಲಿ ಮನೆಬಂಡಿ ಎಂದು ಕರೆಯೋಣ. ಹೊಸದರ ಬೆಲೆ ಎಲ್ಲರಿಗೂ ಎಟುಕುವಂಥದಲ್ಲ. ಆದಕಾರಣ ಅನೇಕರು ಹಳೆಯ ಮ್ಯಾಟಡಾರನ್ನೋ ಟೆಂಪೋ ಟ್ರಾವೆಲರನ್ನೋ ಮಾರುತಿ ಓಮ್ನಿಯನ್ನೋ ಕೊಂಡು, ಒಳಗೆ ಬೇಕಾದ ಏರ್ಪಾಡುಗಳನ್ನು ಮಾಡಿಸಿಕೊಳ್ಳುವರು. ಇಲ್ಲವೆ ಹಾಗೆ ಮಾಡಿಸಿದ್ದವರಿಂದಲೇ ಕೊಳ್ಳುವರು.

ಇಂತಹ ಬಂಡಿಗಳ ವಿಷಯದಲ್ಲಿ ಪದೇ ಪದೇ ಕೇಳಿಬರುವ ದೂರು ಒಂದುಂಟು. ಊರೊಳಗೆ ಚೆನ್ನಾಗಿ ಓಡುವುದು. ದಾರಿ ಹಿಡಿದ ಮೇಲೆ ಏದುಸಿರು ಬಿಟ್ಟು ನಿಲ್ಲುವುದು. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಸುಮಾರು 26 ಕಿಲೋಮೀಟರಿನ ದಾರಿ ಈ ರೋಗವನ್ನು ಬಯಲಿಗೆಳೆಯಲು ಸಾಕು. ಖಡೇ ಬಜಾರಿನ ಸಂದಣಿಯಲ್ಲಿ ಯಂತ್ರಕ್ಕೆ ಬೇಕಾಗುವ ಎಣ್ಣೆ ಅತ್ಯಲ್ಪ. ಹೆದ್ದಾರಿಯಲ್ಲಿ ವೇಗ ಹಿಡಿದಾಗ ಅದರ ಹಲವು ಪಾಲು ಬೇಕು. ಗೋವೆಯ ಕಡೆಯಿಂದ ಅನಮೋಡ ಘಾಟಿಯನ್ನೋ ಚೋರ್ಲಾ ಘಾಟಿಯನ್ನೋ ಹತ್ತಿ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಬೆಳಗಾವಿಗೆ ಬರುವಾಗಲಂತೂ ನೀರಿನ ತೊಟ್ಟಿ, ಮಂಚ, ಪೆಟ್ಟಿಗೆಗಳ ಭಾರವನ್ನೆಲ್ಲ ಎಳೆಯುವ ಯಂತ್ರವು ಪೂರ್ಣ ಆಹಾರವನ್ನು ಬೇಡುವುದು. ಅರ್ಧ ಕಟ್ಟಿದ ಕೊಳವೆ ಊರೊಳಗೆ ಸಾಕಾದೀತು, ಘಾಟಿಯಲ್ಲಿ ಸಾಲದು.

ಆಗ ಸಾಮಾನ್ಯವಾಗಿ ನಡೆಯುವುದೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವರು. ಇಂಜೆಕ್ಷನ್ ಪಂಪು ಕೆಟ್ಟಿದೆಯೆಂದು ಅದನ್ನೇ ಬಿಚ್ಚಿಸುವರು. ಈ ಪಂಪು ಯಂತ್ರದ ಅತ್ಯಂತ ನಾಜೂಕಾದ, ಅತ್ಯಂತ ಬೆಲೆಯುಳ್ಳ ಅಂಗಗಳಲ್ಲೊಂದು. ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ನಾಡಿನಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯ ಹೆಸರು ಪ್ರತಿಯೊಬ್ಬ ಡೀಸೆಲ್ ಮೇಸ್ತ್ರಿಯ ಬಾಯಲ್ಲೂ ಉಳಿದಿದೆ. ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಪಂಪಿಗೆ ‘ಮೈಕೋ ಪಂಪು’ ಎಂಬ ಹೆಸರು ಹೋಗಿಲ್ಲ. ಅದರೊಳಗಿನ ಕೊಂತಕ್ಕೂ ಕೊಳವೆಗೂ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಅದು ಕೆಡುವುದಿಲ್ಲವೆಂದಲ್ಲ; ಆದರೆ ಅದನ್ನು ಶಂಕಿಸುವುದು ಕೊನೆಯ ಕೆಲಸವಾಗಬೇಕು. ಯಂತ್ರ ನಿಂತ ಜಾಗದಿಂದಲ್ಲ, ಎಣ್ಣೆ ಹೊರಟ ಜಾಗದಿಂದ ಹುಡುಕಬೇಕೆಂಬುದೇ ಈ ಹೊತ್ತು ನಾವು ಹೇಳಬೇಕಾದ ಮುಖ್ಯ ಮಾತು.

ಎಣ್ಣೆಯ ದಾರಿಯಾದರೂ ಸರಳವಾದುದು. ತೊಟ್ಟಿಯೊಳಗಿನ ಹೀರುಗೊಳವೆ, ಅದರ ತುದಿಯ ಜಾಲರಿ, ಬಂಡಿಯ ಅಡಿಯಲ್ಲಿ ಹಾಯ್ದು ಬರುವ ನಳಿಗೆ, ಎಣ್ಣೆಯನ್ನು ಎಳೆದು ತಳ್ಳುವ ಚಿಕ್ಕ ಪಂಪು, ಶೋಧಕ, ಅನಂತರ ಇಂಜೆಕ್ಷನ್ ಪಂಪು. ಮಿಕ್ಕ ಎಣ್ಣೆ ತೊಟ್ಟಿಗೆ ಹಿಂದಿರುಗಲು ಇನ್ನೊಂದು ನಳಿಗೆ. ಈ ಕ್ರಮದಲ್ಲೇ ನಡೆಯೋಣ.

ಮೊದಲನೆಯದು ತೊಟ್ಟಿಯ ಮುಚ್ಚಳ. ಎಣ್ಣೆ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದರ ರಂಧ್ರ ಧೂಳಿನಿಂದ ಮುಚ್ಚಿದರೆ ತೊಟ್ಟಿಯಲ್ಲಿ ನಿರ್ವಾತವುಂಟಾಗಿ ಎಣ್ಣೆ ಬಾರದು. ಬಂಡಿ ನಿಂತೊಡನೆ ಮುಚ್ಚಳವನ್ನು ಸಡಿಲಿಸಿದಾಗ ಗಾಳಿ ಸುಯ್ಯೆಂದು ಒಳನುಗ್ಗಿ, ಯಂತ್ರ ಚೇತರಿಸಿಕೊಂಡರೆ ರೋಗ ತಿಳಿಯಿತು. ಚಿಕಿತ್ಸೆಗೆ ಕಾಸೂ ಬೇಡ.

ಎರಡನೆಯದು ತೊಟ್ಟಿಯ ತಳ. ಮಾರಾಟಕ್ಕೆ ಮುನ್ನ ವರ್ಷಗಟ್ಟಲೆ ನಿಂತಿದ್ದ ಬಂಡಿಯಲ್ಲಿ ತುಕ್ಕೂ ಕೆಸರೂ ಕೂಡಿರುವುವು. ಓಡುವಾಗ ಅವು ಜಾಲರಿಗೆ ಅಂಟಿಕೊಳ್ಳುವುವು. ಯಂತ್ರ ನಿಂತು ಸೆಳೆತ ತಪ್ಪಿದೊಡನೆ ಕಳಚಿ ಕೆಳಗೆ ಬೀಳುವುವು. ‘ಹತ್ತು ನಿಮಿಷದಲ್ಲಿ ತಾನೇ ಸರಿಹೋಯಿತು’ ಎಂಬ ಚಮತ್ಕಾರದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲದ ತೇವ ಎಂಥದೆಂಬುದು ನಮಗೆ ಗೊತ್ತಿದೆ. ಅರ್ಧ ಬರಿದಾದ ತೊಟ್ಟಿಯೊಳಗೆ ಆ ತೇವ ನೀರಾಗಿ ಇಳಿಯುವುದು. ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುವುದು. ಎರಡೂ ಸೇರುವ ಎಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುವುದು. ಹೊಸ ಶೋಧಕವೂ ಕೆಲವೇ ದಿನಗಳಲ್ಲಿ ಕಟ್ಟಿದರೆ, ದೋಷ ಶೋಧಕದ್ದಲ್ಲ, ತೊಟ್ಟಿಯದು. ಅದನ್ನು ಇಳಿಸಿ ತೊಳೆಯದೆ ಗತ್ಯಂತರವಿಲ್ಲ.

ಮೂರನೆಯದು ನಳಿಗೆ. ಮೋಸ ಹೆಚ್ಚಾಗಿರುವುದು ಇಲ್ಲಿಯೇ. ತೊಟ್ಟಿಗೂ ಚಿಕ್ಕ ಪಂಪಿಗೂ ನಡುವಿನ ಭಾಗದಲ್ಲಿ ಎಣ್ಣೆಯನ್ನು ತಳ್ಳುವುದಿಲ್ಲ, ಸೆಳೆಯಲಾಗುತ್ತದೆ. ಆದುದರಿಂದ ಅಲ್ಲಿ ರಬ್ಬರು ಬಿರಿದರೆ ಎಣ್ಣೆ ತೊಟ್ಟಿಕ್ಕದೆ ಗಾಳಿಯೇ ಒಳಸೇರಬಹುದು. ನೆಲ ಒಣಗಿರುವುದು, ಕಣ್ಣಿಗೆ ಏನೂ ಕಾಣದು. ಮನೆಬಂಡಿಯನ್ನು ಕಟ್ಟುವಾಗ ತೊಟ್ಟಿಯನ್ನು ಸ್ಥಳಾಂತರಿಸಿ ನಳಿಗೆಗೆ ತುಂಡು ಸೇರಿಸಿರಬಹುದು. ಜನರೇಟರಿಗೆಂದು ನಡುವೆ ಕವಲು ತೆಗೆದಿರಬಹುದು. ಇಂಥ ಪ್ರತಿಯೊಂದು ಬೆಸುಗೆಯನ್ನೂ ಶಂಕೆಯಿಂದ ನೋಡತಕ್ಕದ್ದು. ಚಿಕ್ಕ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ನಳಿಗೆಯನ್ನು ತಾತ್ಕಾಲಿಕವಾಗಿ ಜೋಡಿಸಿ, ಯಂತ್ರವನ್ನು ಓಡಿಸಿ ನೋಡಿದರೆ, ಒಳಗೆ ಹರಿಯುವ ಗುಳ್ಳೆಗಳು ತಾವೇ ಸಾಕ್ಷಿ ಹೇಳುವುವು.

ನಾಲ್ಕನೆಯದು ಶೋಧಕ ಮತ್ತು ಚಿಕ್ಕ ಪಂಪು. ಶೋಧಕದ ಅಡಿಯ ತಿರುಪನ್ನು ಸಡಿಲಿಸಿ ಗಾಜಿನ ಲೋಟದಲ್ಲಿ ಎಣ್ಣೆ ಹಿಡಿದರೆ ನೀರು ಬೇರೆಯಾಗಿ ಕಾಣುವುದು. ಶೋಧಕವನ್ನು ಬದಲಿಸಿದ ಮೇಲೆ ಗಾಳಿ ಬಿಡುವ ತಿರುಪನ್ನು ತೆರೆದು, ಕೈಪಂಪನ್ನು ಒತ್ತುತ್ತಾ ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಮುಚ್ಚಬೇಕು. ಯಂತ್ರ ಹೊರಡದಿದ್ದಲ್ಲಿ ಹೊಗೆಯನ್ನೂ ಗಮನಿಸಿರಿ. ತಿರುಗಿಸುವಾಗ ಹೊಗೆಯೇ ಇಲ್ಲದಿದ್ದರೆ ಎಣ್ಣೆ ಸಿಲಿಂಡರನ್ನು ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಮುಟ್ಟುತ್ತಿದೆ, ಉರಿಯುತ್ತಿಲ್ಲ. ಯಂತ್ರವನ್ನು ನಿಲ್ಲಿಸುವ ಕೀಲು ಪೂರ್ತಿ ಹಿಂದಿರುಗದೆ ಎಣ್ಣೆಯನ್ನು ತಡೆದಿದೆಯೇ ಎಂಬುದನ್ನೂ ಮರೆಯದೆ ನೋಡಬೇಕು.

ಇಷ್ಟಾದ ಮೇಲೂ ಸಂದೇಹವುಳಿದರೆ ನಿರ್ಣಾಯಕ ಪರೀಕ್ಷೆಯೊಂದುಂಟು. ಶುದ್ಧ ಡೀಸೆಲ್ ತುಂಬಿದ ಡಬ್ಬವೊಂದನ್ನು ಭದ್ರವಾಗಿ ಕಟ್ಟಿ, ಹೀರುಗೊಳವೆಯನ್ನೂ ಹಿಂದಿರುಗುವ ನಳಿಗೆಯನ್ನೂ ಅದಕ್ಕೆ ತಿರುಗಿಸಿ, ಬಂಡಿಯನ್ನು ಹೊರಾಂಗಣದಲ್ಲಿ ನಿಲ್ಲಿಸಿ ಓಡಿಸಬೇಕು. ಯಂತ್ರ ಸರಾಗವಾಗಿ ನಡೆದರೆ ಪಂಪು ನಿರ್ದೋಷಿ. ಕಳ್ಳನು ತೊಟ್ಟಿಯಲ್ಲೋ ನಳಿಗೆಯಲ್ಲೋ ಇದ್ದಾನೆ. ಡಬ್ಬದಿಂದ ಕುಡಿದರೂ ಅದು ತೊದಲಿದರೆ ಮಾತ್ರ ಉದ್ಯಮಬಾಗದ ಕಡೆಗೆ ಪಂಪಿನ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಬಹುದು.

ಪೆಟ್ರೋಲ್ ಬಂಡಿಗಳ ವಿಷಯದಲ್ಲಿ ಒಂದೆರಡು ಮಾತು. 1984ರಿಂದ 2019ರವರೆಗೆ ತಯಾರಾದ ಮಾರುತಿ ವ್ಯಾನುಗಳಲ್ಲಿ ಹಳೆಯವು ಕಾರ್ಬುರೇಟರಿನವು. ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶವು 2025ರಲ್ಲಿ ಮುಟ್ಟಿತು. ಕಬ್ಬು ಬೆಳೆಯುವ ಬೆಳಗಾವಿ ಜಿಲ್ಲೆಗೆ ಇದು ಸಂತೋಷದ ಸಂಗತಿ. ಆದರೆ ಎಥೆನಾಲ್ ನೀರನ್ನು ಸೆಳೆದುಕೊಳ್ಳುವುದು, ಹಳೆಯ ಕಶ್ಮಲವನ್ನು ಕರಗಿಸಿ ಶೋಧಕಕ್ಕೆ ತರುವುದು, ಅದಕ್ಕೆಂದು ತಯಾರಾಗದ ರಬ್ಬರನ್ನು ಕೆಡಿಸುವುದು. ಹಳೆಯ ಬಂಡಿಯನ್ನು ಕೊಂಡವರು ರಬ್ಬರು ನಳಿಗೆಗಳನ್ನೆಲ್ಲ ಈ ಇಂಧನಕ್ಕೆ ಒಗ್ಗುವಂಥವುಗಳಿಂದ ಬದಲಿಸುವುದು ಲೇಸು.

ಇನ್ನು ಎಚ್ಚರಿಕೆಯ ಮಾತು. ಇದು ಕೇವಲ ಹಣದ ಪ್ರಶ್ನೆಯಲ್ಲ. ಸಾಮಾನ್ಯ ಮೋಟಾರಿನಲ್ಲಿ ಜನರು ಕೂರುವರು. ಮನೆಬಂಡಿಯಲ್ಲಿ ಅಡಿಗೆ ಮಾಡುವರು, ಮಕ್ಕಳನ್ನು ಮಲಗಿಸುವರು. ಪೆಟ್ರೋಲಿನ ಆವಿಯೂ ಅಡಿಗೆಯ ಅನಿಲವೂ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿಯೇ ಹರಡಿ ನಿಲ್ಲುವುವು. ಒಂದು ಕಿಡಿ ಸಾಕು. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳದು. ಆದರೆ ಕಾದ ಹೊಗೆಗೊಳವೆಯ ಮೇಲೆ ಬಿದ್ದರೆ ಅದೂ ಹೊತ್ತೀತು. ಆದುದರಿಂದ ಎಣ್ಣೆಯ ಯಾವ ಕೀಲನ್ನು ಬಿಚ್ಚುವ ಮುಂಚೆಯೂ ಒಲೆಯನ್ನು ಆರಿಸಿ, ಅನಿಲದ ಸಿಲಿಂಡರನ್ನು ಮುಚ್ಚಿ, ಬ್ಯಾಟರಿಯ ತಂತಿಯನ್ನು ಕಳಚಿ, ಎಲ್ಲರನ್ನೂ ಕೆಳಗಿಳಿಸಬೇಕು. ಇಂಜೆಕ್ಷನ್ ಪಂಪಿನಿಂದ ಮುಂದಿನ ಉಕ್ಕಿನ ನಳಿಗೆಗಳನ್ನಂತೂ ತಿಳಿಯದವರು ಮುಟ್ಟಲಾಗದು. ಅಲ್ಲಿನ ಒತ್ತಡ ಗಾಳಿಯ ಒತ್ತಡದ ನೂರು ಪಾಲಿಗೂ ಮಿಕ್ಕಿದ್ದು. ಎಣ್ಣೆಯ ಎಳೆ ಚರ್ಮವನ್ನು ತೂರಿ ಒಳಹೊಕ್ಕೀತು. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಮಳೆಗಾಲದಲ್ಲಿ ಡೀಸೆಲ್ ಬಂಡಿಯನ್ನು ನಿಲ್ಲಿಸುವುದಾದರೆ ತೊಟ್ಟಿಯನ್ನು ತುಂಬಿಸಿ ನಿಲ್ಲಿಸಿರಿ. ಗಾಳಿಗೆ ಎಡೆಯಿಲ್ಲದಲ್ಲಿ ತೇವಕ್ಕೂ ಎಡೆಯಿಲ್ಲ. ಹಳೆಯ ಬಂಡಿಯನ್ನು ಕೊಂಡವರು ಹಾಸಿಗೆಗೆ ಹೊಸ ಬಟ್ಟೆ ಹೊದಿಸುವ ಮುಂಚೆ ತೊಟ್ಟಿಯನ್ನು ತೊಳೆಸಿರಿ; ಖಾನಾಪುರದವರೆಗೆ ಒಮ್ಮೆ ಹೋಗಿ ಬನ್ನಿರಿ; ಘಾಟಿಯ ಮಾತು ಆಮೇಲೆ. ಮುಚ್ಚಳದಿಂದ ಮೊದಲುಮಾಡಿ ಒಂದೊಂದೇ ಕೀಲನ್ನು ಪರೀಕ್ಷಿಸುತ್ತ ಬರುವವನಿಗೆ ಬೇಕಾಗುವುದು ಒಂದು ಗೇಣು ನಳಿಗೆ, ಒಂದು ಡಬ್ಬ, ಒಂದು ಲೋಟ ಮತ್ತು ತಕ್ಕಷ್ಟು ತಾಳ್ಮೆ. ಇವುಗಳಲ್ಲಿ ಮೊದಲಿನ ಮೂರು ಬೆಳಗಾವಿಯ ಪೇಟೆಯಲ್ಲಿ ದೊರೆಯುವುವು. ನಾಲ್ಕನೆಯದನ್ನು ಮಾತ್ರ ಮನೆಯಿಂದಲೇ ತರಬೇಕು.