ವಾಟರ್ಲೂ: ರಣಭೂಮಿಯನ್ನು ನೋಡುವ ಬಗೆ



ನೆಪೋಲಿಯನ್ ವಾಟರ್ಲೂನಲ್ಲಿ ಸೋತ. ದಿನಾಂಕ 1815ರ ಜೂನ್ 18. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮುಂದೊಂದು ದಿನ ಆ ರಣಭೂಮಿಯನ್ನು ಮಾರ್ಗದರ್ಶಿಯೊಡನೆ ಸುತ್ತುವ ಅವಕಾಶ ನಿಮಗೆ ದೊರೆತರೆ, ಇಷ್ಟು ಸಾಲದು.

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನ ದಕ್ಷಿಣಕ್ಕೆ ಈ ಸ್ಥಳವಿದೆ. ಯುದ್ಧ ನಡೆದದ್ದು ವಾಟರ್ಲೂ ಊರಿನಲ್ಲಲ್ಲ, ಅದರಾಚೆಯ ಹೊಲಗಳಲ್ಲಿ. ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ತಂಗಿದ್ದುದು ವಾಟರ್ಲೂನಲ್ಲಿ; ವಿಜಯದ ವರದಿಗೆ ಆ ಊರಿನ ಹೆಸರೇ ಬಿತ್ತು. ಗೆದ್ದವನು ಇಟ್ಟ ಹೆಸರೇ ಚರಿತ್ರೆಯಲ್ಲಿ ಉಳಿಯಿತು.

ಮಾರ್ಗದರ್ಶಿ ಮೊದಲು ಹೇಳುವುದು ಮಳೆಯ ಕಥೆ. ಹಿಂದಿನ ರಾತ್ರಿಯೆಲ್ಲ ಜಡಿಮಳೆ. ನೆಲ ತುಸು ಗಟ್ಟಿಯಾಗಲೆಂದು ನೆಪೋಲಿಯನ್ ಬೆಳಿಗ್ಗೆ ಕಾದ. ಯುದ್ಧ ಆರಂಭವಾದಾಗ ಸುಮಾರು ಹನ್ನೊಂದೂವರೆ ಗಂಟೆ. ಇದರ ಹಿಂದೆ ಸರಳ ಭೌತಶಾಸ್ತ್ರವಿದೆ. ಅಂದಿನ ಫಿರಂಗಿಯ ಕಬ್ಬಿಣದ ಗುಂಡು ಗಟ್ಟಿ ನೆಲದ ಮೇಲೆ ಪುಟಿಯುತ್ತ ಸಾಲು ಸಾಲಾಗಿ ಸೈನಿಕರನ್ನು ಉರುಳಿಸುತ್ತಿತ್ತು. ಕೆಸರಿನಲ್ಲಾದರೋ ಬಿದ್ದಲ್ಲೇ ಹೂತುಹೋಗುತ್ತಿತ್ತು. ಆದರೆ ಕಾದ ಹೊತ್ತು ಎದುರಾಳಿಗೂ ದಕ್ಕಿತು: ಬ್ಲೂಷರ್‌ನ ಪ್ರಷ್ಯನ್ ಸೇನೆ ಬಂದು ಸೇರಿಕೊಂಡಿತು.

ಎರಡನೆಯದು ಒಂದು ದಿಣ್ಣೆ. ವೆಲಿಂಗ್ಟನ್ ತನ್ನ ಹೆಚ್ಚಿನ ಸೈನಿಕರನ್ನು ಅದರ ಹಿಂಬದಿಯ ಇಳಿಜಾರಿನಲ್ಲಿ ನಿಲ್ಲಿಸಿದ. ಫ್ರೆಂಚರ ಕಣ್ಣಿಗೂ ಗುಂಡಿಗೂ ಅದು ಮರೆಯಾಯಿತು. ಆ ದಿಣ್ಣೆಯನ್ನು ನೋಡೋಣವೆಂದರೆ, ಈಗ ಅಲ್ಲಿ ಎದ್ದು ಕಾಣುವುದು ನಲವತ್ತು ಮೀಟರಿಗೂ ಎತ್ತರದ ಸಿಂಹದ ಗುಡ್ಡ. 1826ರಲ್ಲಿ ಪೂರ್ಣಗೊಂಡ ಈ ಸ್ಮಾರಕಕ್ಕೆ 226 ಮೆಟ್ಟಿಲುಗಳಿವೆ. ಮಣ್ಣು ಎಲ್ಲಿಂದ ಬಂತು ಗೊತ್ತೇ? ಅದೇ ದಿಣ್ಣೆಯಿಂದ. ಯುದ್ಧದ ನೆನಪಿಗೆಂದು ಯುದ್ಧದ ಮುಖ್ಯ ಸಾಕ್ಷ್ಯವನ್ನೇ ಅಗೆದು ತೆಗೆದರು!

ಮೂರನೆಯ ಸಂಗತಿ ಕೇಳಲು ಕಷ್ಟವಾದುದು. ಆ ಒಂದೇ ದಿನ ಸತ್ತವರು, ಗಾಯಗೊಂಡವರು ನಲವತ್ತು ಸಾವಿರಕ್ಕೂ ಹೆಚ್ಚು. ಆದರೂ ಪುರಾತತ್ವಜ್ಞರಿಗೆ ಪೂರ್ತಿ ಅಸ್ಥಿಪಂಜರ ದೊರೆಯುವುದು ಅಪರೂಪ. 2012ರಲ್ಲಿ ಒಂದು, 2022ರಲ್ಲಿ ಇನ್ನೊಂದು ಸಿಕ್ಕಾಗ ಅದು ದೊಡ್ಡ ಸುದ್ದಿಯಾಯಿತು. ಉಳಿದವರೆಲ್ಲ ಎಲ್ಲಿ? ಮೂಳೆಗಳನ್ನು ಅಗೆದು ಮಾರಲಾಯಿತು ಎನ್ನುತ್ತಾರೆ ಕೆಲವು ಸಂಶೋಧಕರು. ಮೂಳೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇದೆ, ಅದು ಗೊಬ್ಬರ. ಸುಟ್ಟ ಮೂಳೆಯ ಇದ್ದಿಲು ಸಕ್ಕರೆ ಪಾಕದ ಬಣ್ಣ ತೆಗೆಯುತ್ತದೆ. ಸೇನಾಪತಿಗಳಿಗೆ ಪ್ರತಿಮೆ ಎದ್ದಿತು. ಸಾಮಾನ್ಯ ಸಿಪಾಯಿಗೆ ಗೋರಿಯೂ ಉಳಿಯಲಿಲ್ಲ.

ಇದು ದೂರದ ಕಥೆ ಎನಿಸಿತೇ? ಈ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಕೋಟೆ ಬಿದ್ದ ಮೇಲೆ ಅಲ್ಲಿ ಆಡಳಿತ ನಡೆಸಿದ ಆರ್ಥರ್ ವೆಲ್ಲೆಸ್ಲಿ. ಅದೇ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ಟಿಪ್ಪುವನ್ನು ತಲುಪಲಿಲ್ಲ, ಬ್ರಿಟಿಷರ ಕೈಸೇರಿತು.

ಆದ್ದರಿಂದ ಯಾವ ರಣಭೂಮಿಗೇ ಹೋಗಿ, ಮಾರ್ಗದರ್ಶಿಯನ್ನು ಮೂರು ಪ್ರಶ್ನೆ ಕೇಳಿ. ಅಂದು ಈ ನೆಲ ಹೇಗಿತ್ತು? ಈ ಸ್ಮಾರಕವನ್ನು ಕಟ್ಟಿಸಿದವರು ಯಾರು? ಸತ್ತವರು ಎಲ್ಲಿದ್ದಾರೆ? ಅಭ್ಯಾಸಕ್ಕೆ ವಾಟರ್ಲೂವರೆಗೆ ಹೋಗಬೇಕಿಲ್ಲ. ಶ್ರೀರಂಗಪಟ್ಟಣದಿಂದಲೇ ಆರಂಭಿಸಬಹುದು.